‘ಚೆನ್ನಾಗಿದೆ’ ಅಂದರೆ ಸಾಕೇ?

ಹೋದ ತಿಂಗಳು ನಮ್ಮ ಲೈಬ್ರರಿಯಲ್ಲಿ ಪುಸ್ತಕ ವಾಪಸ್ ಕೊಡುವಾಗ ಮೇಡಂ ಕೇಳಿದರು, “ಹೇಗಿತ್ತಮ್ಮ?”

“ಚೆನ್ನಾಗಿತ್ತು ಮೇಡಂ.”

“ಏನು ಚೆನ್ನಾಗಿತ್ತು?”

ನನ್ನ ಬಾಯಿ ಕಟ್ಟಿಹೋಯಿತು. ಎಂಟು ದಿನ ಓದಿದ ಪುಸ್ತಕದ ಬಗ್ಗೆ ಹೇಳಲು ನನ್ನ ಬಳಿ ಇದ್ದದ್ದು ಒಂದೇ ಪದ. ಸಾರಾಂಶ ಕೇಳಿದ್ದರೆ ಐದು ಅಂಕಕ್ಕೆ ಬೇಕಾದಷ್ಟು ಹೇಳುತ್ತಿದ್ದೆ. ಅದು ನಮಗೆ ಅಭ್ಯಾಸವಾಗಿದೆ. ಆದರೆ ನನಗೆ ಏನನಿಸಿತು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಿಯಮ ಒಂದೇ: ಪುಸ್ತಕ ಮುಗಿದ ಮೇಲೆ, ಓದುತ್ತಾ ನಾನು ನಿಂತುಬಿಟ್ಟ ಜಾಗ ಯಾವುದು, ಯಾಕೆ ನಿಂತೆ ಎಂದು ಬರೆಯುವುದು. ಪುಟದ ಮೇಲೆ ಬೆರಳಿಟ್ಟು ತೋರಿಸಲಾಗದ್ದು ಅಭಿಪ್ರಾಯವಲ್ಲ ಎಂದು ಈಗ ನನಗನಿಸುತ್ತದೆ. ಆ ನೋಟ್‌ಬುಕ್ಕಿನಿಂದ ಕೆಲವನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲು ನಮ್ಮೂರಿನವರೇ ಆದ ಆರ್.ಕೆ. ನಾರಾಯಣ್. ಯಾದವಗಿರಿಯಲ್ಲಿರುವ ಅವರ ಮನೆ ಈಗ ವಸ್ತುಸಂಗ್ರಹಾಲಯ. ಪದವಿಗೆ ಸೇರುವ ಪ್ರವೇಶ ಪರೀಕ್ಷೆಯಲ್ಲಿ ಅವರೂ ಒಮ್ಮೆ ಫೇಲಾಗಿದ್ದರು ಎಂಬುದು ನಮ್ಮಲ್ಲಿ ಕೆಲವರಿಗೆ ಸಮಾಧಾನ ಕೊಡಬಹುದು. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅವರ ಮೊದಲ ಕಾದಂಬರಿ. ಎಲ್ಲರೂ ಹೇಳುವುದು ಅದರ ಕ್ರಿಕೆಟ್ ಬಗ್ಗೆ, ಮಕ್ಕಳ ತುಂಟತನದ ಬಗ್ಗೆ. ನಾನು ನಿಂತದ್ದು ಬೇರೆ ಕಡೆ. ದೊಡ್ಡ ಮನೆಯ ಹುಡುಗ ರಾಜಂ ಮನೆಗೆ ಬರುವಾಗ, ನೀನು ನನ್ನ ರೂಮಿನ ಕಡೆ ಬರಬೇಡ ಎಂದು ಸ್ವಾಮಿ ಅಜ್ಜಿಗೆ ಹೇಳುತ್ತಾನೆ. ಅಜ್ಜಿಗೆ ವಯಸ್ಸಾಗಿದೆ, ಗೆಳೆಯ ನಕ್ಕಾನು ಎಂಬ ಭಯ. ಅದನ್ನು ಓದಿ ನನ್ನ ಮುಖ ಬಿಸಿಯಾಯಿತು. ಹೈಸ್ಕೂಲಿನಲ್ಲಿದ್ದಾಗ ಗೆಳತಿಯರು ಬಂದರೆ, ನಮ್ಮ ನಾನಿಯ ಜೋರು ದಖ್ಖನಿ ಮಾತು ಕೇಳಿಸಬಾರದೆಂದು ನಾನು ಬಾಗಿಲು ಮುಚ್ಚುತ್ತಿದ್ದೆ. ಈ ಪುಟದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು ಮೈಸೂರಿನಲ್ಲಿ, 1921ರಲ್ಲಿ. ಕನ್ನಡದ ‘ಕೊರವಂಜಿ’ ಹಾಸ್ಯಪತ್ರಿಕೆಗೂ ಚಿತ್ರ ಬರೆದವರು. ಅವರ ‘ಕಾಮನ್ ಮ್ಯಾನ್’ಗೆ ಚೌಕುಳಿ ಕೋಟು, ಪಂಚೆ, ಕನ್ನಡಕ. ಮಾತೇ ಇಲ್ಲ. ವ್ಯಂಗ್ಯಚಿತ್ರವನ್ನು ನಾವು ಎರಡು ಸೆಕೆಂಡಿನಲ್ಲಿ ನೋಡಿ ಪುಟ ತಿರುಗಿಸುತ್ತೇವೆ. ಆ ಮನುಷ್ಯ ಎಲ್ಲಿ ನಿಂತಿದ್ದಾನೆ ಎಂದು ಹುಡುಕಿ ನೋಡಿ. ಮಂತ್ರಿಗಳು ಮಾತಾಡುತ್ತಿದ್ದರೆ ಅವನು ಬದಿಯಲ್ಲಿ ನಿಂತು ಕೇಳುತ್ತಿರುತ್ತಾನೆ. ಇಡೀ ಟೀಕೆ ಇರುವುದು ಆ ಜಾಗದಲ್ಲಿ. ನನ್ನದೊಂದು ತಕರಾರೂ ಇದೆ: ಸಾಮಾನ್ಯ ಮನುಷ್ಯ ಎಂದರೆ ಗಂಡಸೇ ಆಗಬೇಕೇ? ದೇವರಾಜ ಮಾರುಕಟ್ಟೆಯಲ್ಲಿ ನಮ್ಮ ಅಮ್ಮಿ ಸುಮ್ಮನೆ ನಿಂತದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಪ್ರಬಂಧದ ವಿಷಯದಲ್ಲಿ ನಾನು ಸೋತೆ ಎಂದೇ ಹೇಳಬೇಕು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಹಿಡಿದು ಹತ್ತು ಪುಟಕ್ಕೇ ಆಕಳಿಸಿದೆ. ಕಥೆ ಎಲ್ಲಿ, ಮುಂದೇನಾಯಿತು ಎಂದು ಹುಡುಕುತ್ತಿದ್ದೆ. ಲಲಿತ ಪ್ರಬಂಧಕ್ಕೆ ‘ಮುಂದೇನು’ ಇರುವುದಿಲ್ಲ. ಅದು ವಯಸ್ಸಾದ ಒಬ್ಬರ ಜೊತೆ ಸಂಜೆ ನಡೆದುಹೋದ ಹಾಗೆ; ಅವರ ನಡಿಗೆಗೆ ನಾವು ಹೊಂದಿಕೊಳ್ಳಬೇಕು. ದಿನಕ್ಕೊಂದರಂತೆ ಗಟ್ಟಿಯಾಗಿ ಓದಿದಾಗ ರುಚಿ ಸಿಕ್ಕಿತು. ಬೇಸರ ಬಂದರೆ ತಪ್ಪು ಪುಸ್ತಕದ್ದೋ, ನಾವು ಓದಿದ ರೀತಿಯದೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಕಾಮಿಕ್ಸ್ ಚಿಕ್ಕ ಮಕ್ಕಳಿಗೆ ಎಂದುಕೊಂಡಿದ್ದವಳ ಕೈಗೆ ಕಸಿನ್ ಒಬ್ಬಳು ‘ಪರ್ಸೆಪೊಲಿಸ್’ ಕೊಟ್ಟಳು. ಇರಾನಿನ ಮರ್ಜಾನ್ ಸತ್ರಾಪಿ ತಮ್ಮ ಬಾಲ್ಯವನ್ನು ಕಪ್ಪು ಬಿಳುಪು ಚಿತ್ರಗಳಲ್ಲಿ ಹೇಳಿದ ಪುಸ್ತಕ. ಮೊದಲ ಪುಟಗಳಲ್ಲೇ, 1980ರಲ್ಲಿ ಶಾಲೆಯಲ್ಲಿ ಹುಡುಗಿಯರಿಗೆ ತಲೆವಸ್ತ್ರ ಕಡ್ಡಾಯವಾಗುತ್ತದೆ. ಮಕ್ಕಳು ಅದನ್ನೇ ಹಗ್ಗ ಮಾಡಿಕೊಂಡು ಕುಣಿದಾಡುತ್ತಾರೆ. ನಾನು ನನ್ನ ಇಷ್ಟದಿಂದ ಹಿಜಾಬ್ ಹಾಕುವವಳು. ಮೊದಲು ಸಿಟ್ಟು ಬಂತು. ಆಮೇಲೆ 2022 ನೆನಪಾಯಿತು. ನಮ್ಮ ರಾಜ್ಯದ ಹಲವು ಕಾಲೇಜುಗಳ ಗೇಟಿನಲ್ಲಿ ಹಿಜಾಬ್ ಹಾಕಿದ ಹುಡುಗಿಯರನ್ನು ತಡೆದ ವರ್ಷ ಅದು. ನಮ್ಮ ಆಪಾ ಆಗ ಪಿಯುಸಿ ಓದುತ್ತಿದ್ದಳು. ಅಲ್ಲಿ ಹಾಕಲೇಬೇಕು ಎಂದರು, ಇಲ್ಲಿ ತೆಗೆಯಲೇಬೇಕು ಎಂದರು. ಎರಡು ಕಡೆಯೂ ಹುಡುಗಿಯನ್ನು ಯಾರೂ ಕೇಳಲಿಲ್ಲ. ಲೇಖಕಿಯ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಒಪ್ಪದೆಯೂ ಒಂದು ಪುಸ್ತಕದಿಂದ ಕಲಿಯಬಹುದು ಎಂಬುದು ನನಗೆ ಹೊಸದು.

ಕೊನೆಯದಾಗಿ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮಲ್ಲಿ ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೂ ಅದೇ ಫೋಟೊ. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳ ಆ ಪುಸ್ತಕವನ್ನು ಓದಿದವರು ಎಷ್ಟು ಜನ? ನಾನೂ ಓದಿರಲಿಲ್ಲ. ಕನ್ನಡದಲ್ಲೇ ‘ಎದೆಯ ಹಣತೆ’ ಕಥೆ ಓದಿದೆ. ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ಮತ್ತೆ ಗಂಡನ ಮನೆಗೇ ಬಿಟ್ಟುಬರುತ್ತಾರೆ. ಆ ರಾತ್ರಿ ಸಾಯಲು ಹೊರಟವಳನ್ನು ತಡೆಯುವುದು ದೊಡ್ಡ ಮಗಳು ಸಲ್ಮಾ.

ಪುಸ್ತಕ ಮುಚ್ಚಿದಾಗ ನನಗೆ ಮೊದಲು ಬಂದ ಯೋಚನೆ ಮೆಹರುನ್‌ಳದ್ದಲ್ಲ. ‘ಪಕ್ಕದ ಬೆಂಚಿನ ಗೆಳತಿ ಇದನ್ನು ಓದಿದರೆ ನಮ್ಮ ಮನೆಗಳೆಲ್ಲ ಹೀಗೇ ಅಂದುಕೊಳ್ಳುತ್ತಾಳಲ್ಲ!’ ಎಂದು. ನಿಯಮದಂತೆ, ನಿಂತ ಜಾಗಕ್ಕೆ ಮತ್ತೆ ಹೋದೆ. ಅದು ಅಣ್ಣಂದಿರ ಭಾಗ. ಅವರಿಗೆ ತಂಗಿಯ ಕಷ್ಟಕ್ಕಿಂತ ಮನೆತನದ ಮಾನ ದೊಡ್ಡದು. ಆಗ ಹೊಳೆಯಿತು: ಮನೆ ಮಾತು ಹೊರಗೆ ಹೋಗಬಾರದು ಎನ್ನುತ್ತಿದ್ದ ನಾನು ಆ ಅಣ್ಣಂದಿರ ಪಕ್ಕದಲ್ಲೇ ನಿಂತಿದ್ದೆ. ಸ್ವಾಮಿ ಅಜ್ಜಿಯನ್ನು ಮರೆಮಾಡಿದ ಹಾಗೆ, ನಾನಿಯ ಬಾಗಿಲು ಮುಚ್ಚಿದ ಹಾಗೆ, ನಾನು ಮೆಹರುನ್‌ಳನ್ನೂ ಮುಚ್ಚಲು ನೋಡಿದ್ದೆ.

ಮರುದಿನ ಪುಸ್ತಕವನ್ನು ಅದೇ ಗೆಳತಿಗೆ ಕೊಟ್ಟೆ. ಎರಡು ದಿನ ಬಿಟ್ಟು ಬಂದು ಅವಳು ಕೇಳಿದ್ದು ಒಂದೇ: “ಸಲ್ಮಾ ಆಮೇಲೆ ಓದು ಮುಂದುವರಿಸಿದಳೇನೇ?”

ನಾನು ಹೆದರಿದ್ದ ಪ್ರಶ್ನೆ ಬರಲೇ ಇಲ್ಲ. ಬಾನು ಅವರ ಕೆಲವು ಕಥೆಗಳಲ್ಲಿ ಗಂಡಸರು ಬಹಳ ಬೇಗ ಕೆಟ್ಟವರಾಗಿಬಿಡುತ್ತಾರೆ, ನಮ್ಮ ಅಬ್ಬನಂಥವರು ಕಾಣುವುದಿಲ್ಲ ಎಂಬುದು ನನ್ನ ತಕರಾರು. ಅವಳು ಒಪ್ಪಲಿಲ್ಲ. ಇಡೀ ಲಂಚ್ ಬ್ರೇಕ್ ಅದೇ ಜಗಳ. ಇಬ್ಬರೂ ಪುಟ ತೆಗೆದು ತೋರಿಸುತ್ತಿದ್ದೆವು.

ನೀವೂ ಮುಂದಿನ ಪುಸ್ತಕ ವಾಪಸ್ ಕೊಡುವ ಮುನ್ನ ನೀವು ನಿಂತ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೇಡಂ ಖಂಡಿತ ಕೇಳುತ್ತಾರೆ.