ಇಳಕಲ್ಲಿನ ಕೊಂಡಿಯೂ ಮಕ್ಕಳ ಕೋಡಿಂಗ್ ಸ್ಪರ್ಧೆಯೂ

ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಮತ್ತೊಂದು. ಈ ಎರಡು ಹಾಸುಗಳ ಎಳೆಗಳನ್ನು ಕುಣಿಕೆಯಿಂದ ಜೋಡಿಸುವ ಕ್ರಮಕ್ಕೆ ನೇಕಾರರು ‘ಕೊಂಡಿ’ ಎನ್ನುತ್ತಾರೆ. ಇದರಿಂದಾಗಿ ಪ್ರತಿಯೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಈ ಕೆಲಸ ಮನೆಯ ಹಲವರ ಕೈಗಳಲ್ಲಿ ಹಂಚಿಹೋಗಿರುತ್ತದೆ. ಒಬ್ಬರ ತಪ್ಪು ಮತ್ತೊಬ್ಬರ ಕೈಗೆ ಬಂದಾಗ ಬಯಲಾಗುತ್ತದೆ. ಅಂತಹ ಮನೆಗಳಿಂದ ಆರು, ಏಳು, ಎಂಟನೆಯ ತರಗತಿಗಳಿಗೆ ಬರುವ ಮಕ್ಕಳನ್ನು ತಂಡ ಕೋಡಿಂಗ್ ಸ್ಪರ್ಧೆಗಳಿಗೆ ಸಜ್ಜುಗೊಳಿಸುವ ಕಾರ್ಯವು ಬಾಗಲಕೋಟೆ ಜಿಲ್ಲೆಯ ವರ್ತಕರ ಗಮನಕ್ಕೂ ಅರ್ಹವಾದುದು.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯು ಆರನೆಯ ತರಗತಿಯಿಂದಲೇ ಮಕ್ಕಳಿಗೆ ಯಂತ್ರೋಪಕರಣಗಳನ್ನು ಒದಗಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳಿರಬೇಕೆಂದು ಹೇಳಿತು. ಸ್ಪರ್ಧೆಗಳಿಗೂ ಕೊರತೆಯಿಲ್ಲ. ವಿಶ್ವ ರೋಬೋಟ್ ಒಲಿಂಪಿಯಾಡ್‌ನಲ್ಲಿ ಇಬ್ಬರು ಅಥವಾ ಮೂವರು ಮಕ್ಕಳು ಸೇರಿ ಒಂದು ತಂಡ. ತರಬೇತುದಾರರು ತಂಡದ ಜೊತೆಗೆ ಬರಬಹುದು. ಆದರೆ ಸ್ಪರ್ಧೆಯ ವೇಳೆ ಕೈಹಾಕುವಂತಿಲ್ಲ.

ಸಿದ್ಧತೆಯ ಸ್ವರೂಪವನ್ನು ನಿರ್ಧರಿಸುವುದು ಈ ಕೊನೆಯ ನಿಯಮವೇ. ಸಾಮಾನ್ಯವಾಗಿ ತರಗತಿಯಲ್ಲಿ ಅತಿ ಚುರುಕಾದ ಹುಡುಗನನ್ನು ಆರಿಸಿ ಕೀಲಿಮಣೆಯ ಮುಂದೆ ಕೂರಿಸಲಾಗುತ್ತದೆ. ಉಳಿದಿಬ್ಬರು, ಅವರಲ್ಲಿಯೂ ಹೆಚ್ಚಾಗಿ ಹುಡುಗಿಯರು, ನೋಡುತ್ತಾ ನಿಲ್ಲುತ್ತಾರೆ. ಅವನು ತಡವರಿಸಿದ ಕ್ಷಣದಲ್ಲಿ ತಂಡವೇ ನಿಂತುಹೋಗುತ್ತದೆ. ಇದಕ್ಕಿಂತ ಉತ್ತಮವಾದ ಮಾರ್ಗವೆಂದರೆ, ಇಪ್ಪತ್ತು ನಿಮಿಷಗಳಿಗೊಮ್ಮೆ ಸ್ಥಾನ ಬದಲಿಸುವುದು: ಒಬ್ಬರು ಬರೆಯಬೇಕು, ಒಬ್ಬರು ಸಾಲು ಸಾಲಾಗಿ ಓದಿ ಪ್ರಶ್ನಿಸಬೇಕು, ಮತ್ತೊಬ್ಬರು ಪರೀಕ್ಷಿಸಿ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸಬೇಕು. ಮೂವರಿಗೆ ಒಂದೇ ಕಂಪ್ಯೂಟರ್ ಇರುವುದು ಇಂತಹ ಅಭ್ಯಾಸಕ್ಕೆ ಕೊರತೆಯಲ್ಲ, ಅನುಕೂಲವೇ.

ಮೊದಲ ವಾರಗಳಲ್ಲಂತೂ ಕಂಪ್ಯೂಟರ್ ಕೂಡ ಬೇಕಿಲ್ಲ. ಬಾದಾಮಿಯ ಬಸ್ ನಿಲ್ದಾಣದಿಂದ ಹೊರಟು ಗುಹಾಲಯಗಳು, ವಸ್ತುಸಂಗ್ರಹಾಲಯ ಹಾಗೂ ಭೂತನಾಥ ದೇವಾಲಯಗಳನ್ನು ನೋಡಿ ಮರಳಲು ಯಾವ ಕ್ರಮದಲ್ಲಿ ಸಾಗಿದರೆ ನಡಿಗೆ ಕಡಿಮೆಯಾದೀತು? ಹುನಗುಂದ ಭಾಗದ ಒಂದು ಗ್ರಾನೈಟ್ ಹಲಗೆಯಿಂದ ನಿರ್ದಿಷ್ಟ ಅಳತೆಯ ಚೌಕಗಳನ್ನು ಕತ್ತರಿಸುವಾಗ ವ್ಯರ್ಥವಾಗುವ ಕಲ್ಲನ್ನು ಎಷ್ಟು ತಗ್ಗಿಸಬಹುದು? ಇಂತಹ ಪ್ರಶ್ನೆಗಳಿಗೆ ಮಕ್ಕಳು ಹಂತಗಳನ್ನು ಕನ್ನಡದಲ್ಲಿಯೇ ಬರೆಯಲಿ. ಒಂದು ತಂಡ ಬರೆದುದನ್ನು ಮತ್ತೊಂದು ತಂಡ ಅಕ್ಷರಶಃ ಪಾಲಿಸಿ ನೋಡಲಿ. ಎಲ್ಲಿ ದಾರಿ ತಪ್ಪಿತೆಂಬುದು ಆಗ ಮೇಷ್ಟ್ರು ಹೇಳದೆಯೇ ತಿಳಿಯುತ್ತದೆ.

ಮಗ್ಗದ ಡಾಬಿಯನ್ನು ಕಂಡಿರುವ ಮಗುವಿಗೆ ಒಂದು ಮತ್ತು ಸೊನ್ನೆಯ ಲೆಕ್ಕವೂ ಹೊಸದಲ್ಲ. ಪಟ್ಟಿಯಲ್ಲಿ ಗೂಟವಿದ್ದರೆ ಎಳೆ ಏಳುತ್ತದೆ, ಇಲ್ಲವಾದರೆ ಇಲ್ಲ. ಫ್ರಾನ್ಸಿನ ಜಾಕಾರ್ಡ್ 1804ರ ಸುಮಾರಿಗೆ ತನ್ನ ಮಗ್ಗಕ್ಕೆ ಅಳವಡಿಸಿದ ರಂಧ್ರಪತ್ರಗಳನ್ನೇ ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಎರವಲು ಪಡೆದನು. ನೇಕಾರಿಕೆಯಿಂದ ಗಣಕಕ್ಕೆ ಬಂದ ಈ ದಾರಿಯನ್ನು ನೇಕಾರರ ಮಕ್ಕಳಿಗೇ ಹೇಳದಿರುವುದು ವಿಚಿತ್ರ.

ಅನಂತರ ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಸಂಸ್ಥೆಯು 2007ರಲ್ಲಿ ಹೊರತಂದ ಈ ತಂತ್ರಾಂಶವು ಉಚಿತ. ಒಮ್ಮೆ ಸ್ಥಾಪಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಅಂಗಡಿ, ಕಾರ್ಖಾನೆಗಳಲ್ಲಿ ಮೂಲೆ ಸೇರಿರುವ ಕಂಪ್ಯೂಟರುಗಳು ಸುಸ್ಥಿತಿಯಲ್ಲಿದ್ದರೆ, ಲೆಕ್ಕಪತ್ರಗಳನ್ನು ಅಳಿಸಿ ಶಾಲೆಗೆ ನೀಡಬಹುದು. 1963ರಲ್ಲಿ ಆರಂಭವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆ ಜಿಲ್ಲಾ ಕೇಂದ್ರದಲ್ಲಿಯೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಭಾನುವಾರಗಳಂದು ಮಾರ್ಗದರ್ಶನ ಮಾಡಲು ಮುಂದಾದರೆ ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ.

ದೊಡ್ಡ ಅಡಚಣೆ ಇರುವುದು ಬೇರೆಡೆ. ಎಂಟನೆಯ ತರಗತಿಯ ಹುಡುಗಿಯನ್ನು ಎರಡು ದಿನ ದೂರದ ನಗರಕ್ಕೆ ಕಳುಹಿಸಲು ಮನೆಯವರು ಹಿಂಜರಿಯುತ್ತಾರೆ. ಅಷ್ಟು ದಿನ ಮನೆಗೆಲಸಕ್ಕೆ ಒಂದು ಕೈ ಕಡಿಮೆಯಾಗುವುದೂ ನಿಜ. ಅಭ್ಯಾಸವೆಲ್ಲ ಮುಗಿದ ಮೇಲೆ ತಂಡ ಒಡೆಯುವುದು ಇಲ್ಲಿಯೇ. ಆದುದರಿಂದ ರೋಬೋಟ್ ಸಾಮಗ್ರಿಗೆ ಹಣ ಕೊಡಲಿಚ್ಛಿಸುವ ವರ್ತಕರು ಮೊದಲು ಪ್ರಯಾಣ, ವಸತಿ ಹಾಗೂ ಜೊತೆಗೆ ಹೋಗುವ ಒಬ್ಬ ಶಿಕ್ಷಕಿಯ ವೆಚ್ಚವನ್ನು ತೆಗೆದಿರಿಸುವುದು ಲೇಸು. ಪಾಲಕರೊಂದಿಗಿನ ಮಾತುಕತೆಯು ಸ್ಪರ್ಧೆಯ ಹಿಂದಿನ ವಾರದಲ್ಲಲ್ಲ, ಅಭ್ಯಾಸದ ಮೊದಲ ಭಾನುವಾರವೇ ನಡೆಯಬೇಕು.