ಸಂದರ್ಶನಕ್ಕೆ ಹೊರಟ ಮಕ್ಕಳಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಸಾಫ್ಟ್‌ವೇರ್ ಹುದ್ದೆಯ ಸಂದರ್ಶನಕ್ಕೆ ತೆರಳುವ ನಮ್ಮ ತರುಣರಿಗೆ ‘ಮೈಕ್ರೋಸರ್ವೀಸ್’ ಕುರಿತ ಪ್ರಶ್ನೆ ಎದುರಾಗುವುದುಂಟು. ದೊಡ್ಡ ತಂತ್ರಾಂಶವನ್ನು ಸ್ವತಂತ್ರವಾದ ಸಣ್ಣ ಸೇವೆಗಳಾಗಿ ವಿಂಗಡಿಸುವ ಈ ಕ್ರಮ ಅವಿಭಕ್ತ ಕುಟುಂಬ ಪಾಲಾದಂತೆ: ಪ್ರತಿ ಮನೆಗೂ ತನ್ನ ಒಲೆ, ತನ್ನ ಕಣಜ.

2008ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯ ದತ್ತಾಂಶ ಭಂಡಾರ ಕೆಟ್ಟು ಮೂರು ದಿನ ಡಿವಿಡಿ ರವಾನೆ ನಿಂತಿತು. ಬಳಿಕ ಆ ಸಂಸ್ಥೆ ತನ್ನ ತಂತ್ರಾಂಶವನ್ನು ನೂರಾರು ಸೇವೆಗಳಾಗಿ ವಿಂಗಡಿಸಿತು. ಆದರೆ ಪಾಲಾದ ಮನೆಗಳ ನಡುವೆ ಸುದ್ದಿ ತಡವಾಗುವುದುಂಟು, ಲೆಕ್ಕ ತಪ್ಪುವುದುಂಟು. ಆದ್ದರಿಂದ ಲಾಭವನ್ನಷ್ಟೇ ಬಾಯಿಪಾಠ ಒಪ್ಪಿಸದೆ, ಒಂದು ಸೇವೆ ನಿಂತರೆ ಉಳಿದವು ಏನು ಮಾಡಬೇಕೆಂಬುದನ್ನೂ ಹೇಳಬೇಕು. ಸಣ್ಣ ತಂಡಕ್ಕೆ ಕೂಡಿದ ಮನೆಯೇ ಲೇಸೆನ್ನಲು ಅಂಜಬಾರದು.

ಪಾಲಕರೇ, ಇದನ್ನು ಕನ್ನಡದಲ್ಲಿ ವಿವರಿಸಲು ಮಕ್ಕಳಿಗೆ ಹೇಳಿರಿ. ಮನೆಮಂದಿಗೆ ತಿಳಿಯುವಂತೆ ಹೇಳಬಲ್ಲವರ ಮಾತು ಸಂದರ್ಶಕರ ಮುಂದೆ ತಡವರಿಸದು.