ಗುಲಾಮರ ಮನೆಯೋ, ಕಡಲೆಕಾಯಿ ಗೋದಾಮೋ?

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಅಂದರೆ ಅದೇ ಹೆಸರಿನ ನದಿ, ಅದರ ಎರಡು ದಡ, ದೇಶ ಮುಗಿಯಿತು. ರಾಜಧಾನಿ ಬಂಜುಲ್‌ನಿಂದ ಸುಮಾರು 300 ಕಿಲೋಮೀಟರ್ ಒಳಗೆ, ನದಿ ಸುತ್ತುವರಿದ ದ್ವೀಪದ ಮೇಲೆ ಜಾಂಜಾನ್‌ಬುರೆ ಎಂಬ ಪುಟ್ಟ ಊರಿದೆ. ಬ್ರಿಟಿಷರ ಕಾಲಕ್ಕೆ ಇದು ಜಾರ್ಜ್‌ಟೌನ್. ಇಲ್ಲಿಗೆ ಬಂದ ಪ್ರವಾಸಿಗೆ ಗೈಡುಗಳು ತಪ್ಪದೆ ತೋರಿಸುವುದು ದಡದ ಮೇಲಿನ ಒಂದು ಪಾಳು ಕಟ್ಟಡವನ್ನು. ದಪ್ಪ ಗೋಡೆ, ಸಣ್ಣ ಕಿಂಡಿ, ಒಳಗೆಲ್ಲ ಮಬ್ಬು. ಗುಲಾಮರನ್ನು ಕೂಡಿಹಾಕುತ್ತಿದ್ದದ್ದು ಇಲ್ಲೇ ಎನ್ನುತ್ತಾರೆ. ಗ್ಯಾಂಬಿಯಾದಿಂದ ಗುಲಾಮನಾಗಿ ಸಾಗಿಸಲ್ಪಟ್ಟವನ ಕಥೆ ಹೇಳುವ ಅಲೆಕ್ಸ್ ಹೇಲಿಯ ಕಾದಂಬರಿ ‘ರೂಟ್ಸ್’ 1976ರಲ್ಲಿ ಬಂದಾಗಿನಿಂದ ಈ ನದಿಗೆ ಬರುವವರು ಅಂಥ ಕಥೆ ಕೇಳಲೆಂದೇ ಬರುತ್ತಾರೆ. ತೊಡಕಿರುವುದು ಇಸವಿಯಲ್ಲಿ.

ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿದ್ದು 1807ರಲ್ಲಿ. ಅಲೆಕ್ಸಾಂಡರ್ ಗ್ರಾಂಟ್ ಎಂಬ ಸೇನಾಧಿಕಾರಿ ಸ್ಥಳೀಯ ಅರಸನಿಂದ ಈ ದ್ವೀಪ ಪಡೆದದ್ದು 1823ರಲ್ಲಿ. ಆ ವ್ಯಾಪಾರವನ್ನು ತಡೆಯುವುದು ಒಂದು ಉದ್ದೇಶ, ತಮ್ಮ ವರ್ತಕರಿಗೆ ನೆಲೆ ಒದಗಿಸುವುದು ಇನ್ನೊಂದು. ಗುಲಾಮ ಹಡಗುಗಳಿಂದ ಬಿಡಿಸಿದವರನ್ನು ಮುಂದೆ ಸಿಯೆರಾ ಲಿಯೋನ್‌ನಿಂದ ತಂದು ಇಲ್ಲಿ ನೆಲೆಗೊಳಿಸಿದರು. ಅಂದರೆ ಇದು ಸಂಕೋಲೆ ಕಳಚಿಕೊಂಡವರು ಬದುಕು ಕಟ್ಟಿದ ಊರು. ಗೈಡುಗಳು ತೋರಿಸುವ ಕಟ್ಟಡವೋ, ಇತಿಹಾಸಕಾರರ ಪ್ರಕಾರ, ಆಮೇಲಿನ ವರ್ತಕರ ಗೋದಾಮು. 1830ರ ದಶಕದಲ್ಲಿ ಶುರುವಾದ ಕಡಲೆಕಾಯಿ ರಫ್ತು ಕೆಲವೇ ದಶಕಗಳಲ್ಲಿ ಇಡೀ ನದಿಯ ಬದುಕಾಯಿತು. ಮೂಟೆಗಳಿಗೆ ಬಿಸಿಲು, ಮಳೆ, ಕಳ್ಳರು ತಾಗದಿರಲಿ ಎಂದರೆ ದಪ್ಪ ಗೋಡೆ, ಸಣ್ಣ ಕಿಂಡಿ ಬೇಕೇ ಬೇಕು. ನಮ್ಮ ಕಣ್ಣಿಗೆ ಸೆರೆಮನೆಯಂತೆ ಕಾಣುವುದು ಮಂಡಿಯವನ ಮುಂಜಾಗ್ರತೆ, ಅಷ್ಟೇ.

ಇದಕ್ಕೆ ಆಕ್ಷೇಪ ಬರುವುದು ಸಹಜ. ಈ ನದಿಯಲ್ಲಿ ಮನುಷ್ಯರನ್ನು ಸಾಗಿಸಿದ್ದು ಸುಳ್ಳಲ್ಲವಲ್ಲ, ಒಂದು ಗೋಡೆಯ ವಯಸ್ಸಿಗೆ ಇಷ್ಟೇಕೆ ಜಗ್ಗಾಟ? ನಿಜ. ಆದರೆ ಆ ಶೋಕಕ್ಕೆ ನಿಜವಾದ ಜಾಗವೇ ಇದೆ: ಕಡಲಿನತ್ತ, ನದಿಮುಖದ ಬಳಿ ಇರುವ ಕುಂಟಾ ಕಿಂಟೆ ದ್ವೀಪದ ಕೋಟೆ. ಯುನೆಸ್ಕೋ 2003ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೈಡುಗಳ ಹೊಟ್ಟೆಪಾಡಿಗೆ ಕುತ್ತು ಬರುತ್ತದೆ ಎಂಬ ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬಂಜುಲ್‌ನಿಂದ ಜನ, ಸರಕು ಹೊತ್ತು ಬರುತ್ತಿದ್ದ ‘ಲೇಡಿ ಚಿಲೆಲ್ ಜವಾರಾ’ ಹಡಗು 1984ರಲ್ಲಿ ಮುಳುಗಿತು. ಓಡಾಟ ರಸ್ತೆಗೆ ಸರಿಯಿತು, ದಡ ಭಣಗುಟ್ಟಿತು. ಉಳಿದಿರುವ ಕೆಲವೇ ಆದಾಯಗಳಲ್ಲಿ ಪ್ರವಾಸಿಯ ಹಣವೂ ಒಂದು. ಅದನ್ನು ಕಿತ್ತುಕೊಳ್ಳಿ ಎಂದು ಯಾರು ಹೇಳುತ್ತಾರೆ? ಗೋದಾಮು ಎಂದು ಒಪ್ಪಿಕೊಂಡರೆ ಹೇಳುವ ಕಥೆಯೇನೂ ಬಡವಾಗುವುದಿಲ್ಲ, ಇನ್ನೂ ಕಹಿಯಾಗುತ್ತದೆ. ಹಡಗಿಗೆ ಮನುಷ್ಯರನ್ನು ಏರಿಸುವುದು ನಿಂತಿತೇ ಹೊರತು ಒಳನಾಡಿನಲ್ಲಿ ಗುಲಾಮಗಿರಿ ನಿಲ್ಲಲಿಲ್ಲ. ಕಡಲೆಕಾಯಿಗೆ ಬೇಡಿಕೆ ಏರಿದಷ್ಟೂ ಹೊಲದಲ್ಲಿ ಕೈಗಳು ಬೇಕಾದವು. ಅವುಗಳಲ್ಲಿ ಎಷ್ಟೋ ಕೈಗಳು ಗುಲಾಮರವೇ. ಅವರು ಅಗೆದು ತೆಗೆದ ಕಾಯಿಯ ಎಣ್ಣೆ ಫ್ರಾನ್ಸ್‌ನಲ್ಲಿ ಸೋಪಾಗುತ್ತಿತ್ತು.